ಹೊಸ ಹೆಡ್‌ಫೋನನ್ನು ಪಳಗಿಸಬೇಕೇ?

ಪ್ರಶ್ನೆ: ಕಳೆದ ವಾರ ಹೊಸ ಹೆಡ್‌ಫೋನ್ ಕೊಂಡೆ. ಪಿಟೀಲಿನ ತಾರಸ್ಥಾಯಿ ಕಿವಿಗೆ ಚುಚ್ಚುತ್ತದೆ, ಮೃದಂಗದ ಎಡಬದಿಯ ನಾದ ತುಂಬಿ ಬರುವುದಿಲ್ಲ. ಹೊಸ ದೋಸೆ ಕಾವಲಿಯನ್ನು ಪಳಗಿಸುವ ಹಾಗೆ ಇದರಲ್ಲೂ 200 ಗಂಟೆ ಪಿಂಕ್ ನಾಯ್ಸ್ (ದೂರದ ಜಲಪಾತದಂತೆ ಒಂದೇ ಸಮನೆ ಕೇಳಿಸುವ ಸದ್ದು) ನುಡಿಸಿ ‘ಬರ್ನ್-ಇನ್’ ಮಾಡಿದರೆ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಹಾಗೆ ಮಾಡಲೇ?
— ಓದುಗರು, ಶಿವಮೊಗ್ಗ

ಉತ್ತರ: ಬೇಡ. ಕಾವಲಿಗೆ ಎಣ್ಣೆ ಸವರಿ ಕಾಯಿಸಿದಾಗ ಆ ಎಣ್ಣೆ ಕಬ್ಬಿಣದ ಮೇಲೆ ಗಟ್ಟಿ ಪದರವಾಗಿ ಕೂರುತ್ತದೆ, ದೋಸೆ ಅಂಟದೆ ಏಳುತ್ತದೆ. ಅಲ್ಲಿನ ಬದಲಾವಣೆಯನ್ನು ಯಾರು ಬೇಕಾದರೂ ಕಣ್ಣಾರೆ ಕಾಣಬಹುದು. ಹೆಡ್‌ಫೋನಿನೊಳಗೆ ಅಂಥದ್ದೇನೂ ನಡೆಯುವುದಿಲ್ಲ.

ಈ ನಂಬಿಕೆ ಹುಟ್ಟಿದ್ದಕ್ಕೆ ಒಂದು ಆಧಾರವಂತೂ ಇದೆ. ದೊಡ್ಡ ಸ್ಪೀಕರ್‌ಗಳಲ್ಲಿ ಕಾಯಿಲನ್ನು (ತಂತಿಯ ಸುರುಳಿಯನ್ನು) ನಡುವೆ ಹಿಡಿದಿಡಲು ರಾಳ ಹಾಕಿ ಬಿಗಿಗೊಳಿಸಿದ ನಿರಿಗೆ ಬಟ್ಟೆಯಿರುತ್ತದೆ. ಅದು ಮೊದಲ ಬಳಕೆಯಲ್ಲಿ ತುಸು ಸಡಿಲವಾಗಿ, ಸ್ಪೀಕರಿನ ಅನುರಣನ ಆವರ್ತನ (ಅದು ಸಹಜವಾಗಿ ಅದುರುವ ವೇಗ) ಸ್ವಲ್ಪ ಕೆಳಗಿಳಿಯುವುದನ್ನು ಅಳೆದು ತೋರಿಸಬಹುದು. ಸಾಮಾನ್ಯ ಹೆಡ್‌ಫೋನಿನ ದನಿ ಹೊರಡಿಸುವ ಭಾಗವಾದ ಡ್ರೈವರ್‌ನಲ್ಲಿ ಆ ಬಟ್ಟೆಯೇ ಇಲ್ಲ. ನಾನು ಒಮ್ಮೆ ಕೆಟ್ಟುಹೋದ ಹೆಡ್‌ಫೋನೊಂದರ ಇಯರ್‌ಪ್ಯಾಡ್ ಕಳಚಿ ನೋಡಿದಾಗ ಕಂಡದ್ದು ಇಷ್ಟೇ: ಅಂಚಿನ ಕಡೆಗೆ ಓರೆ ಗೀರುಗಳಿದ್ದ, ಊದಿದರೆ ಅದುರುವಷ್ಟು ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ, ಅದರ ಬೆನ್ನಿಗೆ ಅಂಟಿದ ಕೂದಲೆಳೆಯಂಥ ತಂತಿಯ ಸುರುಳಿ, ಹಿಂದೆ ಅಯಸ್ಕಾಂತ. ಇಷ್ಟು ಹಗುರವಾದ ಪೊರೆಗೆ ಸಡಿಲವಾಗಲು ನೂರಾರು ಗಂಟೆ ಬೇಕೆಂಬ ಮಾತಿನಲ್ಲಿ ಹುರುಳಿಲ್ಲ. ಅಮೆರಿಕದ ಹೆಡ್‌ಫೋನ್ ವಿಮರ್ಶಕ ಟಿಲ್ ಹರ್ಟ್ಸೆನ್ಸ್ ಅವರು 2011ರಲ್ಲಿ ಎಕೆಜಿ ಕಂಪನಿಯ ಕ್ಯೂ701 ಹೆಡ್‌ಫೋನಿನಲ್ಲಿ ಪಿಂಕ್ ನಾಯ್ಸ್ ನುಡಿಸುತ್ತ ಮತ್ತೆ ಮತ್ತೆ ಅಳತೆ ಮಾಡಿದಾಗಲೂ ಅವರಿಗೆ ಕಂಡದ್ದು ತೀರಾ ಸಣ್ಣ ಬದಲಾವಣೆಗಳು; ಚುಚ್ಚುವ ನಾದವನ್ನು ಮೆತ್ತಗಾಗಿಸುವಂಥ ಬದಲಾವಣೆಗಳಲ್ಲ.

ಹಾಗಾದರೆ ಎರಡು ವಾರದ ನಂತರ ‘ಈಗ ಎಷ್ಟು ಚೆನ್ನಾಗಿದೆ’ ಎಂದು ಅನೇಕರಿಗೆ ಅನ್ನಿಸುವುದು ಸುಳ್ಳೇ? ಅಲ್ಲ, ಆ ಅನುಭವ ನಿಜವೇ. ಆದರೆ ಬಹುಮಟ್ಟಿಗೆ ಪಳಗಿದ್ದು ಕೇಳುವವರ ಕಿವಿ ಮತ್ತು ಮನಸ್ಸು. ಇದರ ಜೊತೆಗೆ ಇಯರ್‌ಪ್ಯಾಡಿನ ಸ್ಪಂಜು ತಲೆಯ ಆಕಾರಕ್ಕೆ ಒಗ್ಗಿ, ಕಿವಿಯ ಸುತ್ತ ಸಂದಿಲ್ಲದಂತೆ ಕೂರತೊಡಗುತ್ತದೆ. ನಿಮ್ಮ ದೂರಿನ ಮೂಲ ಇಲ್ಲಿಯೇ ಇರಬಹುದೆಂದು ನನ್ನ ಊಹೆ. ನಾನು ಕನ್ನಡಕ ಹಾಕುವವನು; ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದಾಗ ಮೃದಂಗದ ತೊಪ್ಪಿಯ (ಎಡಬದಿಯ) ಗುಂಕಾರ ಸೋರಿಹೋಗುತ್ತದೆ, ಕನ್ನಡಕ ತೆಗೆದ ಕ್ಷಣವೇ ಮರಳಿ ಬರುತ್ತದೆ. ನೀವೂ ಒಂದು ತನಿಯಾವರ್ತನ (ಕಛೇರಿಯಲ್ಲಿ ಮೃದಂಗವೇ ಮುಂದಾಗಿ ನುಡಿಯುವ ಭಾಗ) ಹಾಕಿಕೊಂಡು, ಪ್ಯಾಡನ್ನು ಬೆರಳಿನಿಂದ ಮೆಲ್ಲಗೆ ಒತ್ತಿ, ಹಿಂದೆ ಮುಂದೆ ಸರಿಸಿ ಕೇಳಿ. ನಾದ ತುಂಬಿಕೊಂಡರೆ ತಲೆಪಟ್ಟಿಯನ್ನು ಸರಿಹೊಂದಿಸಿ. ಅಷ್ಟಾಗಿಯೂ ಪಿಟೀಲು ಚುಚ್ಚುತ್ತಿದ್ದರೆ ಫೋನಿನ ಈಕ್ವಲೈಸರ್‌ನಲ್ಲಿ ಟ್ರೆಬಲ್ ತುಸು ಇಳಿಸಿ ನೋಡಿ, ಅದಕ್ಕೂ ಬಗ್ಗದಿದ್ದರೆ ಅದು ಆ ಮಾದರಿಯ ಗುಣವೇ ಎಂದು ತಿಳಿದು ಹಿಂದಿರುಗಿಸಿ.

ಹಿಂದಿರುಗಿಸುವ ಮಾತಿನಲ್ಲಿ ತಡ ಮಾಡಬೇಡಿ. 200 ಗಂಟೆಯೆಂದರೆ ಹಗಲಿರುಳು ಬಿಡದೆ ನುಡಿಸಿದರೂ 8 ದಿನಕ್ಕಿಂತ ಹೆಚ್ಚು. ವಾರದೊಳಗೆ ವಾಪಸು ಕೊಡಬೇಕೆಂಬ ಕರಾರಿದ್ದರೆ ಅದು ಅಷ್ಟರಲ್ಲಿ ತೀರಿರುತ್ತದೆ. ‘ಇನ್ನೂ ಪಳಗಿಲ್ಲ, ಕಾಯಿರಿ’ ಎಂಬ ಉತ್ತರವನ್ನು ನಂಬಿ, ಹಿಡಿಸದ ವಸ್ತುವನ್ನು ಇಟ್ಟುಕೊಳ್ಳಬೇಕಾಗಿ ಬಂದವರನ್ನು ನೋಡಿ ನನಗೆ ಬೇಸರವಾಗಿದೆ.

ಪ್ರಶ್ನೆ: ಜೋರಾಗಿ ಪಿಂಕ್ ನಾಯ್ಸ್ ನುಡಿಸಿದರೆ ಹೆಡ್‌ಫೋನ್ ಕೆಡುತ್ತದೆಯೇ?
— ಓದುಗರು, ಹಾವೇರಿ

ಉತ್ತರ: ಕೆಡಬಹುದು. ಸಂಗೀತದಲ್ಲಿ ಏರಿಳಿತವೂ ಬಿಡುವೂ ಇರುತ್ತವೆ. ಪಿಂಕ್ ನಾಯ್ಸ್‌ನಲ್ಲಿ ಬಿಡುವಿಲ್ಲ, ಆದ್ದರಿಂದ ದನಿ ಹೆಚ್ಚಿಸಿ ಗಂಟೆಗಟ್ಟಲೆ ಬಿಟ್ಟರೆ ಕಾಯಿಲು ಬಿಸಿಯಾಗುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಂಥ ದನಿಯನ್ನು ತಲೆಗೆ ಹಾಕಿಕೊಂಡು ಪರೀಕ್ಷಿಸಬೇಡಿ. ವಯಸ್ಕರು 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಯವರೆಗೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಿಂದ ಮೇಲಕ್ಕೆ ಪ್ರತಿ 3 ಡೆಸಿಬಲ್‌ಗೂ ಆ ಅವಧಿ ಅರ್ಧಕ್ಕಿಳಿಯುತ್ತದೆ.