ಭಟ್ಟಿಯ ಸಾಲ ತೀರಿದ ಮೇಲೆ ಏನು?

ನೀವು ಕೇಳಿದ್ದು ಇಷ್ಟು: ನೀವು ಇಂಗ್ಲೆಂಡಿನಲ್ಲಿದ್ದೀರಿ, ನಿಮ್ಮ ಚರ್ಚಿನವರು ಪಾಕಿಸ್ತಾನದ ಇಟ್ಟಿಗೆ ಭಟ್ಟಿಗಳಲ್ಲಿ ಸಾಲಕ್ಕೆ ಸಿಕ್ಕಿಬಿದ್ದ ಕ್ರೈಸ್ತ ಕುಟುಂಬಗಳನ್ನು ಬಿಡಿಸುವ ಸಂಸ್ಥೆಯೊಂದಕ್ಕೆ ಹಣ ಕೂಡಿಸುತ್ತಿದ್ದಾರೆ. ಕೊಟ್ಟರೆ ಅವರ ಬದುಕು ನಿಜಕ್ಕೂ ನೆಟ್ಟಗಾಗುತ್ತಾ, ಬರೀ ನಮ್ಮ ಧರ್ಮದವರಿಗೆ ಕೊಡುವುದು ಸರಿಯಾ ಅಂತ.

ಕೊಡಿ. ಆದರೆ ಸಾಲ ತೀರಿಸಿ, ಫೋಟೋ ತೆಗೆದು, ಅಲ್ಲಿಗೆ ಕೈ ತೊಳೆದುಕೊಳ್ಳುವ ಸಂಸ್ಥೆಗೆ ಬೇಡ. ಸಾಲ ಹೋದ ಮರುದಿನ ಬೆಳಿಗ್ಗೆ ಆ ಮನೆಯವರು ಯಾವ ಕೆಲಸಕ್ಕೆ ಹೋಗುತ್ತಾರೆ ಅಂತ ಕೇಳಿದರೆ ಉತ್ತರ ಹೇಳಬಲ್ಲ ಸಂಸ್ಥೆಗೆ ಕೊಡಿ. ನಾನು ಮಂಗಳೂರಿನ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆ) ಮೂಲದ ಕುಟುಂಬದವನು. ನಮ್ಮ ಹಿರಿಯರ ಅನ್ನ ಹುಟ್ಟಿದ್ದೇ ಇಂಥ ಸಹಾಯದಿಂದ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ಭಟ್ಟಿಯ ವಿಷಯ. ಪಾಕಿಸ್ತಾನದ ಪಂಜಾಬಿನಲ್ಲಿ ಭಟ್ಟಿಗೆ ಕೆಲಸಕ್ಕೆ ಸೇರುವಾಗ ಮಾಲೀಕ ಮುಂಗಡ ಕೊಡುತ್ತಾನೆ, ಅದಕ್ಕೆ ಪೇಶ್ಗಿ ಅಂತಾರೆ. ಮದುವೆಗೋ ಆಸ್ಪತ್ರೆಗೋ ತೆಗೆದುಕೊಂಡ ಹಣ. ಆಮೇಲೆ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಬೆಳಕು ಹರಿಯುವ ಮುಂಚೆಯೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಮಣ್ಣಿನ ಮುದ್ದೆಯನ್ನು ಅಚ್ಚಿಗೆ ಒತ್ತಿ, ಬೋರಲು ಹಾಕಿ, ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಇನ್ನೊಂದು. ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಅಂತ. ಅದರಲ್ಲಿ ಪೇಶ್ಗಿಯ ಕಂತು ಮುರಿದುಕೊಂಡು ಉಳಿದದ್ದು ಕೈಗೆ. ಹಸಿ ಇಟ್ಟಿಗೆ ಒಣಗುವ ಮುಂಚೆ ಮಳೆ ಬಂತು ಅಂದರೆ ಎಲ್ಲ ಕರಗಿ ಹೋಗುತ್ತೆ, ಆ ನಷ್ಟ ಒತ್ತಿದವರದ್ದೇ. ಮಳೆಗಾಲದಲ್ಲಿ ಕೆಲಸ ನಿಲ್ಲುತ್ತೆ. ಹೊಟ್ಟೆಗೆ ಮತ್ತೆ ಸಾಲ. ಲೆಕ್ಕದ ಪುಸ್ತಕ ಮಾಲೀಕನ ಹತ್ತಿರ, ಓದು ಬರದವರು ಏನಂತ ಕೇಳುತ್ತಾರೆ? ಅಪ್ಪ ಸತ್ತರೆ ಸಾಲ ಮಗನ ತಲೆಗೆ ಬರುತ್ತೆ.

ಈ ಕೆಲಸದಲ್ಲಿ ಮುಸ್ಲಿಮರೂ ಇದ್ದಾರೆ. ಆದರೆ ದೇಶದ ಜನಸಂಖ್ಯೆಯಲ್ಲಿ ಕ್ರೈಸ್ತರು ನೂರಕ್ಕೆ ಒಂದೂವರೆಯಷ್ಟೂ ಇಲ್ಲ, ಭಟ್ಟಿಗಳಲ್ಲಿ ಮಾತ್ರ ಅದಕ್ಕಿಂತ ತುಂಬಾ ಜಾಸ್ತಿ ಇದ್ದಾರೆ. ಕಾರಣ ಹಳೆಯದು. 1870ರ ದಶಕದಿಂದ ಸಿಯಾಲ್‌ಕೋಟ್ ಸುತ್ತಮುತ್ತ ಗುಂಪು ಗುಂಪಾಗಿ ಕ್ರೈಸ್ತರಾದವರಲ್ಲಿ ಬಹುಪಾಲು ಜನ ಆ ಕಾಲದ ಅಸ್ಪೃಶ್ಯರು, ತುಂಡು ಭೂಮಿ ಇಲ್ಲದವರು. ಧರ್ಮ ಬದಲಾಯಿತು, ಭೂಮಿ ಬರಲಿಲ್ಲ. 1947ರ ನಂತರ ಹೊಲದ ಕೂಲಿಯೂ ತಪ್ಪಿದ ಎಷ್ಟೋ ಮನೆಗಳು ಭಟ್ಟಿಗೋ ಪೌರಕಾರ್ಮಿಕ ಕೆಲಸಕ್ಕೋ ಬಂದವು.

ಈಗ ಮುಖ್ಯ ವಿಷಯ. ಈ ಸಾಲವನ್ನು ಕಾನೂನಿನ ಪ್ರಕಾರ ತೀರಿಸಬೇಕಾಗಿಯೇ ಇಲ್ಲ! 1988ರಲ್ಲಿ ದರ್ಶನ್ ಮಸೀಹ್ ಎಂಬ ಭಟ್ಟಿ ಕೂಲಿಯ ಹೆಸರಿನಲ್ಲಿ ಒಂದು ತಂತಿ (ಟೆಲಿಗ್ರಾಂ) ಪಾಕಿಸ್ತಾನದ ಮುಖ್ಯ ನ್ಯಾಯಮೂರ್ತಿಗೆ ಹೋಯಿತು. ನಮ್ಮನ್ನು ಬಿಡಿಸಿ ಅಂತ. ಸುಪ್ರೀಂ ಕೋರ್ಟು ಆ ತಂತಿಯನ್ನೇ ಅರ್ಜಿ ಅಂತ ತೆಗೆದುಕೊಂಡಿತು. 1992ರಲ್ಲಿ ಜೀತ ನಿಷೇಧ ಕಾಯ್ದೆ ಬಂತು, ಜೀತದ ಸಾಲ ಎಲ್ಲ ರದ್ದು ಅಂದಿತು. ಹಾಗಿದ್ದ ಮೇಲೆ ದಾನದ ಹಣದಲ್ಲಿ ಮಾಲೀಕನಿಗೆ ಕೊಡುವುದು ಏನನ್ನು? ಕೆಲವರು ಇದನ್ನೇ ಹಿಡಿದು ಇಡೀ ಕೆಲಸವೇ ತಪ್ಪು ಅನ್ನುತ್ತಾರೆ, ಮಾಲೀಕ ಅದೇ ಹಣವನ್ನು ಇನ್ನೊಂದು ಮನೆಗೆ ಪೇಶ್ಗಿ ಕೊಟ್ಟು ಕೂರಿಸಿಕೊಳ್ಳುತ್ತಾನೆ ಅನ್ನುತ್ತಾರೆ. ಈ ಮಾತನ್ನು ತಳ್ಳಿಹಾಕೋಕೆ ಆಗಲ್ಲ. ಆದರೂ ನಾನು ಕೊಡಿ ಅನ್ನುತ್ತೇನೆ. ಕೋರ್ಟಿಗೆ ಹೋಗಿ ಬರುವಷ್ಟರಲ್ಲಿ ಆ ಮನೆಯ ಹತ್ತು ವರ್ಷದ ಹುಡುಗಿ ದೊಡ್ಡವಳಾಗಿ ಅದೇ ಭಟ್ಟಿಯಲ್ಲಿ ಮದುವೆಯಾಗಿರುತ್ತಾಳೆ. ಕಾನೂನು ಗೆಲ್ಲಲಿ ಅಂತ ಅವಳನ್ನು ಕಾಯಿಸೋದು ನನಗೆ ಒಪ್ಪಿಗೆ ಇಲ್ಲ. ಸಾಲ ತೀರಿಸಲಿ, ತೀರಿದ್ದಕ್ಕೆ ಸಾಕ್ಷಿಗಳ ಮುಂದೆ ಪತ್ರ ಬರೆಸಿಕೊಳ್ಳಲಿ, ಜೊತೆಗೆ ವಕೀಲರ ಕೆಲಸವೂ ನಡೆಯಲಿ.

ಆಮೇಲಿನದ್ದೇ ಕಷ್ಟ. ಭಟ್ಟಿ ಬಿಟ್ಟರೆ ಮನೆಯೂ ಹೋಗುತ್ತೆ, ಯಾಕೆಂದರೆ ಅವರು ಇರುವ ಕೋಣೆ ಮಾಲೀಕನದು. ಎಷ್ಟೋ ಜನರಿಗೆ ಗುರುತಿನ ಚೀಟಿ ಇಲ್ಲ. ಅದಿಲ್ಲದೆ ಬ್ಯಾಂಕ್ ಖಾತೆ ಇಲ್ಲ, ಸರ್ಕಾರದ ನೆರವೂ ಇಲ್ಲ. ಗೊತ್ತಿರೋದು ಇಟ್ಟಿಗೆ ಒತ್ತುವ ಕೆಲಸ ಒಂದೇ. ಸುಮ್ನೆ ಬಿಡಿಸಿಬಿಟ್ಟರೆ ಮುಂದಿನ ಮಳೆಗಾಲದಲ್ಲಿ ಇನ್ನೊಂದು ಭಟ್ಟಿಯ ಬಾಗಿಲಲ್ಲಿ ನಿಂತಿರುತ್ತಾರೆ.

ಇಲ್ಲಿ ಮಂಗಳೂರಿನ ಕಥೆ ಹೇಳಲೇಬೇಕು. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು: ಹೆಬಿಕ್, ಲೇನರ್, ಗ್ರೈನರ್. ತುಳುನಾಡಿನಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಜಾಸ್ತಿ. ಮೂರ್ತೆ, ಅಂದರೆ ಮರದಿಂದ ಕಳ್ಳು ಇಳಿಸೋದು, ಅವರ ಕಸುಬು, ಮಿಷನ್ನಿನವರಿಗೆ ಕಳ್ಳು ಆಗದು. ಹಾಗಾಗಿ ದೀಕ್ಷಾಸ್ನಾನದ ಜೊತೆಗೇ ಕಸುಬು ಹೋಯಿತು. ಧಣಿ ಗೇಣಿ ಬಿಡಿಸಿದ. ಮನೆಯವರು ಹೊರಗೆ ಹಾಕಿದರು. ನಂಬಿದ ತಪ್ಪಿಗೆ ಹೊಟ್ಟೆಗಿಲ್ಲ ಅನ್ನುವ ಸ್ಥಿತಿ. ಮಿಷನ್ ಮೊದಲು ಭೂಮಿ ಕೊಟ್ಟು ಸಾಗುವಳಿ ಮಾಡಿಸಿ ನೋಡಿತು, ಬಡಗಿ ಕೆಲಸ ಕಲಿಸಿತು, ಗಡಿಯಾರದ ಕೆಲಸವನ್ನೂ ಕಲಿಸಿ ನೋಡಿತು. ಹೆಚ್ಚಿನವು ನಿಲ್ಲಲಿಲ್ಲ. ಗಡಿಯಾರ ಯಾರು ಕೊಳ್ಳಬೇಕು ಆಗ?

ನಿಂತಿದ್ದು ಮಗ್ಗ ಮತ್ತು ಹಂಚು. 1851ರಲ್ಲಿ ಹಾಲರ್ ಎಂಬ ನೇಯ್ಗೆ ಬಲ್ಲವರು ಬಂದು ಮಗ್ಗದ ಕೆಲಸವನ್ನು ಎತ್ತಿ ನಿಲ್ಲಿಸಿದರು, ಖಾಕಿ ಬಣ್ಣ ಅಲ್ಲೇ ಹುಟ್ಟಿತು ಅಂತ ನಮ್ಮೂರಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ ದಂಡೆಯ ಜೇಡಿಮಣ್ಣು ಕೈಗೆ ಸಿಗುವಷ್ಟು ಹತ್ತಿರ, ಹೊಳೆಯಲ್ಲಿ ದೋಣಿ, ಮುಂದೆ ಬಂದರು. ಕರಾವಳಿಯ ಮಳೆಗೆ ವರ್ಷ ವರ್ಷ ಹುಲ್ಲು ಹೊದಿಸಿ ಸಾಕಾಗಿದ್ದ ಜನರಿಗೆ ಹಂಚು ಬೇಕಿತ್ತು. ಮುಂಬಯಿಗೆ ಹೋಯಿತು, ಸಮುದ್ರ ದಾಟಿ ಪೂರ್ವ ಆಫ್ರಿಕಾಕ್ಕೂ ಹೋಯಿತು. ನನ್ನ ಅಜ್ಜಿಯ ತಂದೆ ಅಲ್ಲೇ ಹಂಚು ಒತ್ತುತ್ತಿದ್ದರಂತೆ. ಹಲಗೆಯಷ್ಟು ಮಣ್ಣನ್ನು ಅಚ್ಚಿನ ಮೇಲೆ ಇಟ್ಟು, ಒತ್ತುಯಂತ್ರ ಇಳಿಸಿ, ಅಂಚಿನಲ್ಲಿ ಉಬ್ಬಿದ್ದನ್ನು ಕತ್ತರಿಸಿ, ಒಣಗಲು ನೆರಳಿನ ಅಟ್ಟಣಿಗೆಗೆ ಏರಿಸೋದು. ಕೆಲಸ ಮಣ್ಣಿನದೇ. ಆದರೆ ಹಂಚಿನ ಸೂರಿನ ಕೆಳಗೆ, ತೀರದ ಪೇಶ್ಗಿ ಇಲ್ಲದೆ, ಭಾನುವಾರ ರಜೆಯ ಜೊತೆಗೆ. ಮಕ್ಕಳು ಶಾಲೆಗೆ ಹೋದರು, ನಮ್ಮ ಅಜ್ಜಿ ಟೀಚರಾದರು.

ಮಿಷನ್ನನ್ನು ಹೊಗಳಿ ಮುಗಿಸೋಕೆ ಇದನ್ನು ಬರೆಯುತ್ತಿಲ್ಲ. ಕೆಲಸ, ಮನೆ, ಚರ್ಚಿನ ಸಭೆ ಮೂರೂ ಒಬ್ಬರ ಕೈಯಲ್ಲೇ ಇದ್ದವು. ಪಾದ್ರಿಯ ಜೊತೆ ಜಗಳ ಆದರೆ ಕೂಲಿಗೂ ಕುತ್ತು, ಮನೆಗೂ ಕುತ್ತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ, ಮಿಷನ್ನಿನವರಲ್ಲಿ ಜರ್ಮನರು ಇದ್ದುದರಿಂದ, ಶತ್ರುಗಳ ಆಸ್ತಿ ಅಂತ ಕಾರ್ಖಾನೆಗಳನ್ನು ವಶ ಮಾಡಿಕೊಂಡು ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಕೊಟ್ಟಿತು. ಮಾಲೀಕತ್ವದಲ್ಲಿ ಕೆಲಸಗಾರರಿಗೆ ಪಾಲು ಇರಲಿಲ್ಲ, ಹಾಗಾಗಿ ಅವರ ಮಾತು ಕೇಳುವವರೂ ಇರಲಿಲ್ಲ. ಆದರೂ ಕಸುಬು ಉಳಿಯಿತು, ಯಾಕೆಂದರೆ ಅದು ಆಗಲೇ ಊರಿನದಾಗಿತ್ತು. ಮಿಷನ್ ಶುರು ಮಾಡಿದ ಮೂರೇ ವರ್ಷಕ್ಕೆ, 1868ರಲ್ಲಿ, ಮಂಗಳೂರಿನ ಆಲ್ಬುಕರ್ಕ್ ಕುಟುಂಬ ಸ್ವಂತ ಕಾರ್ಖಾನೆ ತೆರೆದಿತ್ತು. ಆಮೇಲೆ ಎಲ್ಲ ಜಾತಿ ಧರ್ಮದವರೂ ಹಂಚು ಮಾಡಿದರು.

ಹಾಗಾಗಿ ಪಾಕಿಸ್ತಾನದಲ್ಲೂ ನಾನು ನೋಡೋದು ಇದನ್ನೇ. ಕೊಡುವ ಕಸುಬಿಗೆ ಆ ಊರಲ್ಲೇ ಗಿರಾಕಿ ಇದ್ದಾರಾ? ಹತ್ತು ಹೆಂಗಸರಿಗೆ ಹತ್ತು ಹೊಲಿಗೆ ಮೆಷಿನ್ ಹಂಚಿದರೆ ಚಿತ್ರ ಚೆನ್ನಾಗಿ ಬರುತ್ತೆ, ಆದರೆ ಒಂದೇ ಓಣಿಯಲ್ಲಿ ಹತ್ತು ಜನಕ್ಕೆ ಸಾಕಾಗುವಷ್ಟು ಬಟ್ಟೆ ಎಲ್ಲಿಂದ ಬರಬೇಕು? ರಿಕ್ಷಾ ಕೊಟ್ಟರೆ ಅದು ಯಾರ ಹೆಸರಿನಲ್ಲಿದೆ? ಸಂಸ್ಥೆಯ ಹೆಸರಿನಲ್ಲೇ ಇದ್ದರೆ ಧಣಿ ಬದಲಾದ, ಅಷ್ಟೇ.

ಇನ್ನು ಬರೀ ಕ್ರೈಸ್ತರಿಗೆ ಯಾಕೆ ಅನ್ನೋದು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಕರಾಚಿಯಲ್ಲಿ ಹಿಂದೂಗಳಿಗೂ ಕ್ರೈಸ್ತರಿಗೂ ರೇಷನ್ ಕೊಡದೆ ವಾಪಸ್ ಕಳಿಸಿದರು ಅಂತ ದೂರುಗಳು ಬಂದವು. 2023ರ ಆಗಸ್ಟಿನಲ್ಲಿ ಪಂಜಾಬಿನ ಜರಾನ್‌ವಾಲಾದಲ್ಲಿ ಧರ್ಮನಿಂದನೆಯ ಆರೋಪ ಹೊರಿಸಿ ಚರ್ಚುಗಳಿಗೂ ಮನೆಗಳಿಗೂ ಬೆಂಕಿ ಇಟ್ಟರು. ಉಳಿದವರ ಸಾಲಿನಲ್ಲಿ ಕೊನೆಗೆ ತಳ್ಳಲ್ಪಡುವವರಿಗೆ ಅಂತಲೇ ಒಂದು ಕೈ ಇರೋದು ತಪ್ಪಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲ ಗಲಾತ್ಯದ ಕ್ರೈಸ್ತರಿಗೆ ಬರೆದದ್ದೂ ಎಲ್ಲರಿಗೂ ಒಳ್ಳೆಯದು ಮಾಡಿ, ಅದರಲ್ಲೂ ನಂಬಿಕೆಯ ಮನೆಯವರಿಗೆ ಅಂತ. ‘ಎಲ್ಲರಿಗೂ’ ಅನ್ನೋದು ಮೊದಲು ಬಂದಿದೆ, ಗಮನಿಸಿ. ಪಕ್ಕದ ಗುಡಿಸಲಿನ ಮುಸ್ಲಿಂ ಕುಟುಂಬವೂ ಅದೇ ಭಟ್ಟಿಯ ಸಾಲದಲ್ಲಿದ್ದರೆ, ಆ ಸಂಸ್ಥೆಯ ರಾತ್ರಿ ಶಾಲೆಗೆ ಅವರ ಮಗುವೂ ಬರಬಹುದಾ? ಬರಬಹುದು ಅಂದರೆ ನನಗೆ ಸಮಾಧಾನ. ಧರ್ಮ ಬದಲಾಯಿಸಿದರೆ ಮಾತ್ರ ಅನ್ನುವವರಿಗೆ ಒಂದು ಪೆನ್ನಿಯನ್ನೂ ಕೊಡಬೇಡಿ.

ಲೆಕ್ಕ ಕೇಳೋದಕ್ಕೆ ಸಂಕೋಚ ಬೇಡ. ಯೆರೂಸಲೇಮಿನ ಬಡವರಿಗಾಗಿ ಮಕೆದೋನ್ಯ, ಕೊರಿಂಥದ ಸಭೆಗಳಿಂದ ಹಣ ಕೂಡಿಸಿದಾಗ ಪೌಲನೇ ಜೊತೆಗೆ ಬೇರೆಯವರನ್ನೂ ಕಳಿಸಿದ, ಯಾರೂ ಬೆರಳು ತೋರಿಸಬಾರದು ಅಂತ. ನೀವಿರುವ ಇಂಗ್ಲೆಂಡಿನಲ್ಲಿ ದಾನ ಸಂಸ್ಥೆಗಳ ಮೇಲೆ ಕಣ್ಣಿಡುವ ಸರ್ಕಾರಿ ಚಾರಿಟಿ ಕಮಿಷನ್ನಿನ ಪಟ್ಟಿಯಲ್ಲಿ ಸಂಸ್ಥೆಯ ನೋಂದಣಿ ಸಂಖ್ಯೆ ಹಾಕಿದರೆ ಟ್ರಸ್ಟಿಗಳ ಹೆಸರು, ಆದಾಯ, ಖರ್ಚು ಕಾಣುತ್ತೆ. ಒಂದೇ ಮನೆಯವರು ಟ್ರಸ್ಟಿಗಳಾಗಿದ್ದರೆ, ವರದಿ ತಡವಾಗಿದ್ದರೆ ಅಲ್ಲೇ ನಿಲ್ಲಿ. ಎಲ್ಲ ಸರಿ ಇದ್ದು ನೀವು ಅಲ್ಲಿ ತೆರಿಗೆ ಕಟ್ಟುವವರಾದರೆ ಗಿಫ್ಟ್ ಏಡ್ ಫಾರ್ಮ್ ತುಂಬಿ, ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಸೇರುತ್ತೆ.

ಆಮೇಲೆ ಅವರಿಗೆ ಒಂದು ಇಮೇಲ್ ಬರೆಯಿರಿ: ಮೂರು ವರ್ಷದ ಹಿಂದೆ ಬಿಡಿಸಿದ ಕುಟುಂಬಗಳಲ್ಲಿ ಎಷ್ಟು ಮನೆಯವರು ಮತ್ತೆ ಭಟ್ಟಿಗೆ ಹೋಗಿದ್ದಾರೆ? ಯಾರೂ ಹೋಗಿಲ್ಲ ಅಂದರೆ ನಾನು ನಂಬಲ್ಲ. ಇಷ್ಟು ಮನೆಯವರು ಹೋದರು, ಈ ಕಾರಣಕ್ಕೆ ಹೋದರು, ಈಗ ನಾವು ಹೀಗೆ ಮಾಡುತ್ತಿದ್ದೇವೆ ಅಂತ ಬರೆದರೆ ಅಂಥವರಿಗೆ ಧೈರ್ಯವಾಗಿ ತಿಂಗಳ ತಿಂಗಳ ಕೊಡಿ. ಉತ್ತರ ಬಂದರೆ ಇಲ್ಲೇ ಹಾಕಿ, ವಾರ್ಷಿಕ ವರದಿ ಸಿಕ್ಕಿದರೆ ಅದನ್ನೂ ಹಾಕಿ, ಕೂತು ಓದಿ ಹೇಳುತ್ತೇನೆ.