ಕಿಣ್ವಕ್ಕೆ ಏನೂ ಗೊತ್ತಿಲ್ಲ: ಹೊಸ ಬರಹಗಾರ್ತಿಯೊಬ್ಬರಿಗೆ ಉತ್ತರ

ನಮಸ್ಕಾರ.

ನೀವು ಕಳಿಸಿದ ‘ದೇಹದೊಳಗಿನ ಜಾಣ ಕೆಲಸಗಾರರು’ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತ ಶುದ್ಧವಾಗಿದೆ, ವಿಷಯ ಓದಿಕೊಂಡೇ ಬರೆದಿದ್ದೀರಿ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಬಂದ ಲೇಖನಗಳಿಗೆಲ್ಲ ಉದ್ದುದ್ದ ಉತ್ತರ ಬರೆಯುತ್ತಾ ಕೂರಲು ಪುರುಸೊತ್ತು ಸಿಗುವುದಿಲ್ಲ. ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ನಿಮ್ಮ ಲೇಖನ ಓದಿ ನನಗೆ ಸಿಟ್ಟು ಬಂತು. ಪ್ರೋಟೀನು, ಕಿಣ್ವ, ಅಮೈನೋ ಆಮ್ಲ, ಕೊಬ್ಬಿನಾಮ್ಲ ಎಲ್ಲವನ್ನೂ ಒಂದೇ ಲೇಖನಕ್ಕೆ ತುಂಬಿದ್ದೀರಿ. ಅದಿರಲಿ, ಕತ್ತರಿ ಹಾಕಿದರೆ ಸರಿಹೋಗುತ್ತದೆ. ನನ್ನ ತಕರಾರು ನಿಮ್ಮ ಕ್ರಿಯಾಪದಗಳ ಬಗ್ಗೆ.

ಕಿಣ್ವ ಅಂದರೆ ದೇಹದ ರಾಸಾಯನಿಕ ಕ್ರಿಯೆಗಳನ್ನು ಚುರುಕಾಗಿಸುವ ಪ್ರೋಟೀನು, ಅಷ್ಟೇ. ನಿಮ್ಮ ಕಿಣ್ವ ಗುರುತಿಸುತ್ತದೆ. ನಿರ್ಧರಿಸುತ್ತದೆ. ಹುಡುಕುತ್ತದೆ, ಬಯಸುತ್ತದೆ. ಒಂದು ಕಡೆಯಂತೂ ‘ಕಾಳಜಿಯಿಂದ’ ಕೆಲಸ ಮಾಡುತ್ತದೆ. ಅಣುವಿಗೆ ಇಷ್ಟೆಲ್ಲ ಮನಸ್ಸು ಕೊಟ್ಟುಬಿಟ್ಟರೆ, ಇದೆಲ್ಲ ಹೇಗೆ ಆಗುತ್ತದೆ ಅಂತ ಕೇಳಬೇಕು ಎಂದು ಓದುಗನಿಗೆ ಅನ್ನಿಸುವುದೇ ಇಲ್ಲ. ನನ್ನ ಸಂಕಟ ಅದೇ. ಕೆಲವು ಸಾಲು ಎತ್ತಿಕೊಂಡು ನೋಡೋಣ.

‘ಟ್ರಿಪ್ಸಿನ್ ಪ್ರೋಟೀನಿನ ಸರಪಳಿಯಲ್ಲಿ ತನಗೆ ಬೇಕಾದ ಜಾಗವನ್ನು ಹುಡುಕಿ, ಗುರುತಿಸಿ, ಅಲ್ಲೇ ಕತ್ತರಿಸುತ್ತದೆ.’

ಪ್ರೋಟೀನು ಅಂದರೆ ಅಮೈನೋ ಆಮ್ಲಗಳ ಸರಪಳಿ, ಟ್ರಿಪ್ಸಿನ್ ಅದನ್ನು ಕರುಳಿನಲ್ಲಿ ಅರಗಿಸುವ ಕಿಣ್ವ. ‘ಕತ್ತರಿಸುತ್ತದೆ’ ಇರಲಿ. ಬಂಧ ನಿಜಕ್ಕೂ ತುಂಡಾಗುತ್ತದೆ. ‘ಹುಡುಕಿ’, ‘ಗುರುತಿಸಿ’ ಎರಡನ್ನೂ ಹೊಡೆದುಹಾಕಿದ್ದೇನೆ. ಟ್ರಿಪ್ಸಿನ್ ಏನನ್ನೂ ಹುಡುಕುವುದಿಲ್ಲ. ದ್ರವದಲ್ಲಿರುವ ಅಣುಗಳೆಲ್ಲ ಶಾಖದ ದೆಸೆಯಿಂದ ಸದಾ ಅಲುಗಾಡುತ್ತಾ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಹೆಚ್ಚಿನ ಡಿಕ್ಕಿಗಳಿಂದ ಏನೂ ಆಗುವುದಿಲ್ಲ. ಟ್ರಿಪ್ಸಿನ್ನಿನ ಮೈಯಲ್ಲಿ ಒಂದು ಗುಳಿ ಇದೆ. ಗುಳಿಯ ತಳದಲ್ಲಿ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲ ಇದೆ; ರೂಢಿಯ ಎಣಿಕೆಯಲ್ಲಿ ಅದು 189ನೆಯದು. ಅದರ ಮೇಲೆ ಋಣ ವಿದ್ಯುದಾವೇಶ. ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲಗಳಲ್ಲಿ ಸರಪಳಿಯಿಂದ ಬದಿಗೆ ಚಾಚಿದ ಕವಲು ಉದ್ದ, ತುದಿಯಲ್ಲಿ ಧನ ಆವೇಶ. ಸರಪಳಿಯ ಆ ಭಾಗ ಬಂದು ತಾಗಿದಾಗ ಕವಲು ಗುಳಿಯೊಳಗೆ ಇಳಿಯುತ್ತದೆ, ತಳದ ಋಣ ಆವೇಶದ ಸೆಳೆತಕ್ಕೆ ಸಿಕ್ಕಿ ಕ್ಷಣಕಾಲ ನಿಲ್ಲುತ್ತದೆ. ಹಾಗೆ ನಿಂತಾಗ ಅದರ ಪಕ್ಕದ ಬಂಧ ಸರಿಯಾಗಿ 195ನೆಯ ಸೆರೀನ್ ಎದುರಿಗೆ ಬರುತ್ತದೆ. ಸೆರೀನಿನ ಪ್ರೋಟಾನು ಬದಿಯಲ್ಲಿರುವ 57ನೆಯ ಹಿಸ್ಟಿಡಿನ್‌ಗೆ ಹೋಗುತ್ತದೆ. 102ನೆಯ ಆಸ್ಪಾರ್ಟೇಟಿನ ಋಣ ಆವೇಶ ಹಿಸ್ಟಿಡಿನ್ನನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಟ್ಟಿರುತ್ತದೆ. ಸೆರೀನಿನ ಆಕ್ಸಿಜನ್ ಎದುರಿನ ಕಾರ್ಬನ್ನಿಗೆ ಅಂಟುತ್ತದೆ, ಬಂಧ ಮುರಿಯುತ್ತದೆ. ಗುಳಿಯಲ್ಲಿ ಕೂರದ ಕವಲು ಬಂದರೆ ಅದು ನಿಲ್ಲುವುದಿಲ್ಲ, ಜಾರಿಹೋಗುತ್ತದೆ.

ಈಗ ಇದರ ಪಕ್ಕದಲ್ಲಿ ಕೈಮೋಟ್ರಿಪ್ಸಿನ್ ಎಂಬ ಇನ್ನೊಂದು ಜೀರ್ಣಕಾರಿ ಕಿಣ್ವ ಇಟ್ಟು ನೋಡಿ. ಕತ್ತರಿಸುವ ಮೂರು ಅಮೈನೋ ಆಮ್ಲಗಳು ಅಲ್ಲೂ ಅವೇ. ಗುಳಿ ಬೇರೆ. 189ನೆಯ ಜಾಗದಲ್ಲಿ ಆವೇಶವಿಲ್ಲದ ಸೆರೀನ್ ಇದೆ. ಹಾಗಾಗಿ ಫಿನೈಲಲನೀನ್, ಟೈರೋಸೀನ್, ಟ್ರಿಪ್ಟೋಫ್ಯಾನ್‌ಗಳ ದಪ್ಪ ಉಂಗುರದ ಕವಲುಗಳು ಅಲ್ಲಿ ಕೂರುತ್ತವೆ. ಹಾಗಂತ ಆ ಒಂದು ಅಮೈನೋ ಆಮ್ಲ ಬದಲಿಸಿದರೆ ಟ್ರಿಪ್ಸಿನ್ ಕೈಮೋಟ್ರಿಪ್ಸಿನ್ ಆಗಿಬಿಡುತ್ತದೆ ಅಂತ ಬರೆದುಬಿಡಬೇಡಿ. ಬದಲಿಸಿ ನೋಡಿದ್ದಾರೆ, ಆಗಲಿಲ್ಲ. ಗುಳಿಯ ಗೋಡೆಗೆ ಸೇರದ ಕುಣಿಕೆಗಳನ್ನೂ ಬದಲಿಸಬೇಕಾಯಿತು. ‘ಗುರುತಿಸುತ್ತದೆ’ ಅಂದಿರಿ, ಈ ಗುಳಿ, ಈ ಆವೇಶ, ಈ ವ್ಯತ್ಯಾಸ ಎಲ್ಲ ಮುಚ್ಚಿಹೋಯಿತು. ವಿಜ್ಞಾನಿಗಳೂ ಮಾತಿನಲ್ಲಿ ಹಾಗೇ ಅನ್ನುತ್ತಾರೆ, ಒಪ್ಪುತ್ತೇನೆ. ಆದರೆ ಹಾಗೆ ಅನ್ನುವಾಗ ಅವರ ಕಣ್ಣ ಮುಂದೆ ಗುಳಿ ಇರುತ್ತದೆ. ನಿಮ್ಮ ಓದುಗನಿಗೆ ಅದನ್ನು ನೀವು ತೋರಿಸದೆ ಬೇರೆ ಯಾರು ತೋರಿಸಬೇಕು?

ನಾನು ಈ ಕೆಲಸ ಕಲಿತದ್ದು ಒಂದು ಸಣ್ಣ ವಿಜ್ಞಾನ ಮಾಸಿಕದಲ್ಲಿ. ಅಲ್ಲಿನ ಸಂಪಾದಕರು ಮೊದಲು ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದವರು. ಯಾರದೇ ಲೇಖನ ಬರಲಿ, ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆಲ್ಲ ಸುತ್ತು ಹಾಕುತ್ತಿದ್ದರು. ಆಮೇಲೆ ಬರೆದವರನ್ನು ಎದುರಿಗೆ ಕೂರಿಸಿಕೊಂಡು ಒಂದೊಂದಕ್ಕೂ ‘ಹೇಗಪ್ಪಾ ಇದು?’ ಅಂತ ಕೇಳುತ್ತಿದ್ದರು. ದನಿ ಏರಿಸುತ್ತಿರಲಿಲ್ಲ. ಉತ್ತರ ಬರುವ ತನಕ ಮುಂದಿನ ಪದಕ್ಕೂ ಹೋಗುತ್ತಿರಲಿಲ್ಲ. ಕಿಣ್ವಗಳ ಬಗ್ಗೆ ನನ್ನಿಂದ ಒಂದು ಟಿಪ್ಪಣಿ ಬರೆಸುವ ಮೊದಲು ಎರಡು ಪ್ರನಾಳ ತಂದಿಟ್ಟರು. ಎರಡರಲ್ಲೂ ಹೈಡ್ರೋಜನ್ ಪೆರಾಕ್ಸೈಡ್. ಒಂದಕ್ಕೆ ಯೀಸ್ಟ್ ಕದಡಿದ ನೀರು ಹಾಕಿದರು. ನೊರೆ ಉಕ್ಕಿ ಪ್ರನಾಳದ ಬಾಯಿ ದಾಟಿ ಮೇಜಿನ ಮೇಲೆ ಇಳಿಯಿತು. ಅದೇ ನೀರನ್ನು ಕುದಿಸಿ, ಆರಿಸಿ ಇನ್ನೊಂದಕ್ಕೆ ಹಾಕಿದರು. ಏನೂ ಆಗಲಿಲ್ಲ. ‘ಯೀಸ್ಟಿನ ಜೀವ ಹೋಯ್ತು, ಅದಕ್ಕೇ ನೊರೆ ಬರಲಿಲ್ಲ ಅಂತ ಬರೀತೀಯಾ?’ ಎಂದು ಕೇಳಿದರು. ನಾನು ಸುಮ್ನಿದ್ದೆ. ಆಗ ಬುಕ್ನರ್ ಕತೆ ಶುರುಮಾಡಿದರು.

ಹುದುಗು ಬರಬೇಕಾದರೆ ಜೀವಂತ ಕೋಶ ಇರಲೇಬೇಕು ಅನ್ನುವುದು ಪಾಶ್ಚರ್ ಅವರಂಥವರ ವಾದವಾಗಿತ್ತು. 1897ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳು ಹಾಕಿ ಅರೆದರು, ಒತ್ತಿ ರಸ ತೆಗೆದರು. ಆ ರಸದಲ್ಲಿ ಜೀವಂತ ಕೋಶ ಇರಲಿಲ್ಲ. ಸಕ್ಕರೆ ಬೆರೆಸಿದರೆ ಗುಳ್ಳೆ ಎದ್ದವು. ಸಕ್ಕರೆ ಆಲ್ಕೋಹಾಲೂ ಕಾರ್ಬನ್ ಡೈಆಕ್ಸೈಡೂ ಆಯಿತು. ಜೀವ ಹೋದರೂ ಕೆಲಸ ನಿಲ್ಲಲಿಲ್ಲ. ಅವರಿಗೆ 1907ರಲ್ಲಿ ನೊಬೆಲ್ ಬಂತು. 1926ರಲ್ಲಿ ಜೇಮ್ಸ್ ಸಮ್ನರ್ ಯೂರಿಯೇಸ್ ಕಿಣ್ವವನ್ನು ಹರಳು ಮಾಡಿ, ಅದು ಪ್ರೋಟೀನು ಅಂತ ತೋರಿಸಿದರು. ಉಪ್ಪಿನಂತೆ ಹರಳುಗಟ್ಟುವ ವಸ್ತು ಅದು. ಹಾಗಾದರೆ ಕುದಿಸಿದಾಗ ನನ್ನ ಪ್ರನಾಳದಲ್ಲಿ ಕೆಟ್ಟದ್ದೇನು? ಕ್ಯಾಟಲೇಸ್ ಎಂಬ ಪ್ರೋಟೀನಿನ ಮಡಿಕೆ ಬಿಚ್ಚಿಕೊಂಡಿತ್ತು, ಆಕಾರ ಹೋಗಿತ್ತು. ಮೇಷ್ಟ್ರು ನನ್ನಿಂದ ಬರೆಸಿದ್ದು ಅದನ್ನೇ. ಈ ಶಾಸ್ತ್ರ ಕಣ್ಣುಬಿಟ್ಟದ್ದೇ ‘ಜೀವದ ಇಚ್ಛೆ’ ಅನ್ನುವ ಉತ್ತರವನ್ನು ಬದಿಗೆ ಸರಿಸಿದ ಮೇಲೆ. ನೀವು ಆ ಇಚ್ಛೆಯನ್ನು ತಂದು ಅಣುವಿನೊಳಗೆ ಮತ್ತೆ ಕೂರಿಸಿದ್ದೀರಿ. ನನ್ನನ್ನು ಕೆಣಕಿದ್ದು ಇದೇ.

ಮುಂದಿನ ಸಾಲು. ‘ಪ್ರೋಟೀನಿನ ಸರಪಳಿ ಲೆಕ್ಕವಿಲ್ಲದಷ್ಟು ಆಕಾರಗಳಲ್ಲಿ ತನಗೆ ಒಪ್ಪುವ ಒಂದನ್ನು ಆರಿಸಿಕೊಳ್ಳುತ್ತದೆ.’

ಆಯ್ಕೆ ಎಲ್ಲಿಂದ ಬಂತು? 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಒಂದು ಸರಳ ಪ್ರಶ್ನೆ ಕೇಳಿಕೊಂಡರು. ಒಂದೊಂದು ಅಮೈನೋ ಆಮ್ಲದ ಬಳಿಯೂ ಸರಪಳಿ ಎರಡು ಕೋನಗಳಲ್ಲಿ ತಿರುಗಬಹುದು. ಯಾವ ತಿರುವಿನಲ್ಲಿ ಪರಮಾಣುಗಳು ಒಂದರ ಮೇಲೊಂದು ಬೀಳುತ್ತವೆ? ಲೆಕ್ಕ ಹಾಕಿದರೆ ಹೆಚ್ಚಿನ ತಿರುವುಗಳಿಗೆ ಜಾಗವೇ ಇಲ್ಲ. ಉಳಿದ ಸ್ವಲ್ಪ ಜಾಗದಲ್ಲೇ ಸುರುಳಿ ಬರುತ್ತದೆ, ಹಾಳೆಯಂಥ ರಚನೆಯೂ ಬರುತ್ತದೆ. ಪರಮಾಣುಗಳಿಗೆ ಗಾತ್ರ ಇದೆ ಅನ್ನುವ ಒಂದೇ ಸಂಗತಿಯಿಂದ ಇಷ್ಟು ಹೊರಟಿತು. ನಿಮ್ಮ ಲೇಖನದಲ್ಲಿ ರಾಮಚಂದ್ರನ್ ಹೆಸರು ಬರುತ್ತದೆ, ‘ಭಾರತದ ಹೆಮ್ಮೆ’ ಅಂತ. ಅವರು ಏನು ಮಾಡಿದರು ಅನ್ನುವುದು ಮಾತ್ರ ಇಲ್ಲ!

ಅಮೆರಿಕದ ಜೀವರಸಾಯನಶಾಸ್ತ್ರಜ್ಞ ಆನ್‌ಫಿನ್ಸನ್ ಅವರ ಪ್ರಯೋಗವನ್ನೂ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ನನಗೆ ಬಹಳ ಇಷ್ಟವಾದ ಪ್ರಯೋಗ ಅದು, ಹಾಗಾಗಿ ನೋವಾಯಿತು. ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವದಲ್ಲಿ 124 ಅಮೈನೋ ಆಮ್ಲಗಳಿವೆ, ಗಂಧಕದ 4 ಸೇತುವೆಗಳಿವೆ. ಯೂರಿಯಾ ಹಾಕಿ, ಸೇತುವೆಗಳನ್ನೂ ಮುರಿದು ಅವರು ಸರಪಳಿಯನ್ನು ಪೂರ್ತಿ ಬಿಚ್ಚಿದರು. ಕಿಣ್ವದ ಕೆಲಸ ನಿಂತಿತು. ಯೂರಿಯಾ ತೆಗೆದು, ಗಾಳಿಯ ಆಕ್ಸಿಜನ್ ತಾಗಲು ಬಿಟ್ಟರು. ಸರಪಳಿ ತಾನಾಗಿ ಮಡಚಿಕೊಂಡಿತು, ಕೆಲಸ ಶುರುವಾಯಿತು. ಬಿಚ್ಚಿದ ಸೇತುವೆಗಳ 8 ತುದಿಗಳನ್ನು 105 ಬಗೆಯಲ್ಲಿ ಜೋಡಿಸಬಹುದು, ಸರಿಯಾದದ್ದು ಒಂದೇ. ಯೂರಿಯಾ ಇರುವಾಗಲೇ ಸೇತುವೆ ಕಟ್ಟಿಕೊಳ್ಳಲು ಬಿಟ್ಟರೆ ಜೋಡಿಗಳು ಅಡ್ಡಾದಿಡ್ಡಿ ಆಗುತ್ತವೆ, ಕಿಣ್ವ ಹೆಚ್ಚುಕಮ್ಮಿ ನಿಷ್ಪ್ರಯೋಜಕ. ಅಂದರೆ ಆಕಾರದ ಸೂಚನೆ ಅಮೈನೋ ಆಮ್ಲಗಳ ಕ್ರಮದಲ್ಲೇ ಇದೆ. ಎಲ್ಲ ಪ್ರೋಟೀನುಗಳೂ ಇಷ್ಟು ಸುಲಭಕ್ಕೆ ಮಡಚಿಕೊಳ್ಳುವುದಿಲ್ಲ, ಎಷ್ಟೋ ಪ್ರೋಟೀನುಗಳಿಗೆ ಕೋಶದೊಳಗೆ ಬೇರೆ ಪ್ರೋಟೀನುಗಳ ನೆರವು ಬೇಕು. ಅದನ್ನೂ ಒಂದು ಮಾತಿನಲ್ಲಿ ಸೇರಿಸಿ.

ಎರಡು ಪುಟ ಆದಮೇಲೆ ಈ ಸಾಲು ಬರುತ್ತದೆ: ‘ಕೊಬ್ಬಿನಾಮ್ಲದ ಬಾಲ ನೀರನ್ನು ದ್ವೇಷಿಸುತ್ತದೆ.’

ಇಲ್ಲಿ ಪೆನ್ಸಿಲ್ ಕೆಳಗಿಟ್ಟು ಎದ್ದು ಓಡಾಡಿದೆ. ದ್ವೇಷ ಎಲ್ಲಿದೆ? ಬಾಲಕ್ಕೂ ನೀರಿಗೂ ನಡುವೆ ಇರುವುದು ಸೆಳೆತವೇ, ದುರ್ಬಲವಾದ ಸೆಳೆತ. ನೀರಿನ ಅಣುಗಳು ಮಾತ್ರ ತಮ್ಮ ತಮ್ಮಲ್ಲಿ ಹೈಡ್ರೋಜನ್ ಬಂಧಗಳಿಂದ ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಕಾರ್ಬನ್, ಹೈಡ್ರೋಜನ್ನುಗಳ ಬಾಲಕ್ಕೆ ಅಂಥ ಬಂಧ ಕಟ್ಟಲು ಬರುವುದಿಲ್ಲ. ಬಾಲ ನಡುವೆ ಬಂದರೆ ಸುತ್ತಲಿನ ನೀರಿನ ಅಣುಗಳು ಬಂಧ ಬಿಡದೆ ಅದನ್ನು ಬಳಸಿ ನಿಲ್ಲಬೇಕು. ಮನಬಂದ ಕಡೆ ತಿರುಗುವ ಅವಕಾಶ ಅವಕ್ಕೆ ಕಡಿಮೆಯಾಗುತ್ತದೆ. ಬಾಲಗಳೆಲ್ಲ ಒಂದೆಡೆ ಗುಂಪಾದರೆ ನೀರಿಗೆ ಒಡ್ಡಿದ ಮೈ ಕಡಿಮೆ, ಕಟ್ಟುಬಿದ್ದ ನೀರಿನ ಅಣುಗಳೂ ಕಡಿಮೆ. ಹಾಗಾಗಿ ಗುಂಪು ಉಳಿಯುತ್ತದೆ.

ಈಗ ನಿಮ್ಮ ಪ್ರೋಟೀನಿನ ಪುಟಕ್ಕೆ ವಾಪಸ್ ಹೋಗಿ. ಲ್ಯೂಸಿನ್, ವ್ಯಾಲಿನ್, ಐಸೊಲ್ಯೂಸಿನ್‌ಗಳ ಕವಲುಗಳೂ ಇಂಥವೇ ಅಲ್ವಾ? ಸರಪಳಿ ಮಡಚಿಕೊಂಡಾಗ ಅವು ಹೆಚ್ಚಾಗಿ ಒಳಗೆ ಸೇರುವುದು ಯಾಕೆ? ಇದೇ ಕಾರಣಕ್ಕೆ. ಕೋಶದ ಪೊರೆ ಕಟ್ಟಿಕೊಳ್ಳುವುದಕ್ಕೂ ಕಿಣ್ವ ಮಡಚಿಕೊಳ್ಳುವುದಕ್ಕೂ ದೊಡ್ಡ ಕಾರಣ ಒಂದೇ, ಅದು ಇರುವುದು ನೀರಿನಲ್ಲಿ. ಒಂದು ಪುಟದಲ್ಲಿ ‘ಆರಿಸಿಕೊಳ್ಳುತ್ತದೆ’, ಇನ್ನೊಂದರಲ್ಲಿ ‘ದ್ವೇಷಿಸುತ್ತದೆ’ ಅಂದಿರಿ. ಎರಡು ಬೇರೆ ಬೇರೆ ಸ್ವಭಾವಗಳ ಕತೆ ಆಯಿತು. ನಿಮ್ಮ ಲೇಖನದ ಅತ್ಯಂತ ದೊಡ್ಡ ಸಂಗತಿ ನಿಮ್ಮ ಕೈಯಲ್ಲೇ ಇತ್ತು, ಕ್ರಿಯಾಪದಗಳು ಅದನ್ನು ನಿಮ್ಮಿಂದಲೇ ಬಚ್ಚಿಟ್ಟವು.

ನಿಮಗೆ ಕಾರಣ ಹೇಳಲು ಬರುವುದಿಲ್ಲ ಅಂತಲ್ಲ. ಸ್ಟಿಯರಿಕ್ ಆಮ್ಲ, ಓಲೀಕ್ ಆಮ್ಲ ಎರಡರಲ್ಲೂ 18 ಕಾರ್ಬನ್. ಒಂದು ಕರಗುವುದು ಸುಮಾರು 69 ಡಿಗ್ರಿಯಲ್ಲಿ, ಇನ್ನೊಂದು 13ರ ಆಸುಪಾಸಿನಲ್ಲಿ. ಒಂದೇ ಒಂದು ಜೋಡಿಬಂಧ ಬಾಲವನ್ನು ಬಗ್ಗಿಸುವುದರಿಂದ ಅಣುಗಳು ಒತ್ತಾಗಿ ಕೂರುವುದಿಲ್ಲ ಅಂತ ಬರೆದಿದ್ದೀರಿ. ಅಲ್ಲಿ ಯಾವ ಅಣುವೂ ಏನನ್ನೂ ಬಯಸುತ್ತಿಲ್ಲ. ಇಡೀ ಲೇಖನ ಹೀಗೇ ಇರಬಾರದಿತ್ತೇ?

‘ಕಿಣ್ವಗಳು ಊಹೆಗೂ ಮೀರಿದ ಅದ್ಭುತ ವೇಗದಲ್ಲಿ ಪ್ರತಿಕ್ರಿಯೆಯನ್ನು ಮುಂದಕ್ಕೆ ತಳ್ಳುತ್ತವೆ.’ ಇದರಲ್ಲಿ ಎರಡು ತೊಂದರೆ. ಕಿಣ್ವ ಮುಂದಕ್ಕೆ ತಳ್ಳುವುದಿಲ್ಲ. ಪ್ರತಿಕ್ರಿಯೆ ದಾಟಬೇಕಾದ ಶಕ್ತಿಯ ದಿಬ್ಬವನ್ನು ತಗ್ಗಿಸುತ್ತದೆ, ಆಚೆ ಈಚೆ ಎರಡೂ ಕಡೆಗೆ. ರಕ್ತದ ಕೆಂಪುಕಣಗಳಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಕಿಣ್ವ ತೆಗೆದುಕೊಳ್ಳಿ. ಅಂಗಾಂಶಗಳ ಬಳಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರುವಾಗ ಅದು ಬೈಕಾರ್ಬೋನೇಟ್ ಆಗುತ್ತದೆ. ಶ್ವಾಸಕೋಶದಲ್ಲಿ ಕಡಿಮೆ ಇರುವಾಗ ಬೈಕಾರ್ಬೋನೇಟೇ ಮತ್ತೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕಿಣ್ವ ಅದೇ. ದಿಕ್ಕು ತೀರ್ಮಾನವಾಗುವುದು ಯಾವುದು ಎಷ್ಟಿದೆ ಅನ್ನುವುದರ ಮೇಲೆ. ಇನ್ನು ‘ಅದ್ಭುತ’. ಆ ಪದ ತೆಗೆದು ಅಂಕಿ ಇಡಿ. ಇದೇ ಕಿಣ್ವದ ಒಂದು ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಸಲ ಈ ಕೆಲಸ ಮುಗಿಸಬಲ್ಲದು. ಡಿಎನ್‌ಎ, ಆರ್‌ಎನ್‌ಎಗಳ ಕಚ್ಚಾವಸ್ತು ತಯಾರಾಗುವ ದಾರಿಯಲ್ಲಿ ಒಂದು ಹಂತ ಇದೆ; ಕಿಣ್ವ ಇಲ್ಲದಿದ್ದರೆ ಅದರಲ್ಲಿ ಅರ್ಧದಷ್ಟು ಅಣುಗಳು ಬದಲಾಗಲು ಸುಮಾರು 7.8 ಕೋಟಿ ವರ್ಷ ಬೇಕು ಅಂತ ಲೆಕ್ಕ ಹಾಕಿದ್ದಾರೆ. ಕಿಣ್ವ ಇದ್ದರೆ ಸೆಕೆಂಡಿಗೆ ಹತ್ತಾರು ಅಣುಗಳು. ಓದುಗ ತಾನೇ ಬೆರಗಾಗುತ್ತಾನೆ, ನೀವು ಹೇಳಿಕೊಡಬೇಕಿಲ್ಲ.

ಕೊನೆಗೆ ಈ ಸಾಲು: ‘ದೇಹಕ್ಕೆ ಯಾವುದು ಒಳ್ಳೆಯದು ಎಂಬುದು ಕಿಣ್ವಕ್ಕೆ ಗೊತ್ತು.’

ಇದನ್ನು ಮಾತ್ರ ಯಾವ ರೂಪದಲ್ಲೂ ಉಳಿಸಬೇಡಿ. ಮೆಥನಾಲ್ ಎಂಬ ಆಲ್ಕೋಹಾಲ್ ಕುಡಿದವರ ಕಣ್ಣು ಹೋಗುವುದು, ಪ್ರಾಣ ಹೋಗುವುದು ಯಾಕೆ ಗೊತ್ತಲ್ಲ? ಲಿವರ್‌ನಲ್ಲಿರುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಕಿಣ್ವ ಮೆಥನಾಲನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಮುಂದೆ ಅದು ಫಾರ್ಮಿಕ್ ಆಮ್ಲವಾಗುತ್ತದೆ. ವಿಷ ತಯಾರಾಗುವುದು ನಮ್ಮದೇ ಕಿಣ್ವದಿಂದ. ಚಿಕಿತ್ಸೆಯೂ ಆ ಕಿಣ್ವದ ಗುಳಿಯಲ್ಲೇ ಇದೆ. ವೈದ್ಯರು ಎಥನಾಲನ್ನೋ (ಮದ್ಯದಲ್ಲಿರುವ ಆಲ್ಕೋಹಾಲ್) ಫೋಮೆಪಿಜೋಲ್ ಎಂಬ ಔಷಧವನ್ನೋ ಕೊಡುತ್ತಾರೆ. ಅದು ಆ ಜಾಗ ಹಿಡಿದರೆ ಮೆಥನಾಲಿಗೆ ಸರದಿ ಸಿಗುವುದಿಲ್ಲ, ನಿಧಾನಕ್ಕೆ ಮೈಯಿಂದ ಹೊರಗೆ ಹೋಗುತ್ತದೆ. ಕಿಣ್ವಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿದ್ದರೆ ಈ ಚಿಕಿತ್ಸೆಯ ಅಗತ್ಯವೇ ಇರುತ್ತಿರಲಿಲ್ಲ. ನೀವು ಅಷ್ಟು ಹೊಗಳಿದ ಟ್ರಿಪ್ಸಿನ್ ಕೂಡ ಹೀಗೇ. ಕರುಳಿಗೆ ಬರುವ ಮೊದಲೇ, ಮೇದೋಜೀರಕ ಗ್ರಂಥಿಯೊಳಗೇ ಚುರುಕಾಗಿಬಿಟ್ಟರೆ ಆ ಗ್ರಂಥಿಯನ್ನೇ ಅರಗಿಸಲು ಶುರುಮಾಡುತ್ತದೆ.

ಬೀಗ-ಕೀಲಿಯ ಹೋಲಿಕೆ, ಜೀವಸತ್ವಗಳ ಭಾಗ, ಇವುಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಇಪ್ಪತ್ತು ಅಮೈನೋ ಆಮ್ಲಗಳ ಪಟ್ಟಿ ತೆಗೆದುಬಿಡಿ, ಅದನ್ನು ಯಾರೂ ಓದುವುದಿಲ್ಲ. ನೀರಿನಿಂದ ಶುರುಮಾಡಿ. ಕೊಬ್ಬಿನಾಮ್ಲದ ಬಾಲ ಮೊದಲು, ಆಮೇಲೆ ಪ್ರೋಟೀನಿನ ಮಡಿಕೆ, ಆಮೇಲೆ ಟ್ರಿಪ್ಸಿನ್ನಿನ ಗುಳಿ. ಶೀರ್ಷಿಕೆಯಲ್ಲಿರುವ ‘ಜಾಣ’ ಕೂಡ ಹೋಗಬೇಕು. ಗುಳಿಯ ಚಿತ್ರವನ್ನು ಒಂದು ಹಾಳೆಯಲ್ಲಿ ಒರಟಾಗಿ ಗೀಚಿ ಜೊತೆಗಿಡಿ, ನಮ್ಮ ಕಲಾವಿದರಿಂದ ಬರೆಸುತ್ತೇನೆ. ಸುತ್ತು ಹಾಕಿದ ಪ್ರತಿಯನ್ನು ವಾಪಸ್ ಕಳಿಸುತ್ತಿದ್ದೇನೆ. ಟ್ರಿಪ್ಸಿನ್ ಭಾಗ ತಿದ್ದಿದ ಕೂಡಲೇ ಅದನ್ನಷ್ಟೇ ಮೊದಲು ಕಳಿಸಿ. ಉಳಿದದ್ದಕ್ಕೆ ಕಾಯುತ್ತೇನೆ.

ವಿಶ್ವಾಸದಿಂದ,
ಸಂಪಾದಕ