ಸಂಪಾದಕರ ಉತ್ತರ: ಜ್ವರದ ವರದಿ ಯಾರಿಗಾಗಿ?

ಮಾನ್ಯ ಡಾಕ್ಟರರೇ,

ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಮಂಗನ ಕಾಯಿಲೆಯ ಕುರಿತು, ಅಂಥ ಜ್ವರವನ್ನು ಖಾಸಗಿ ವೈದ್ಯರೂ ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಮಲೆನಾಡಿನ ಹೋಬಳಿ ಊರೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಕ್ಲಿನಿಕ್ ನಡೆಸುತ್ತಿರುವ ತಾವು ಎತ್ತಿರುವ ಆಕ್ಷೇಪಗಳನ್ನು ಉಳಿದ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇನೆ. ರಕ್ತಪರೀಕ್ಷೆಯ ಫಲಿತಾಂಶ ಕೈಗೆ ಬರುವ ತನಕ ಅದು ಯಾವ ಜ್ವರವೆಂದು ತಮಗೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಇಲಾಖೆಗೆ ಏನೆಂದು ತಿಳಿಸುವುದು? ತಿಳಿಸಿದರೆ ಮರುದಿನವೇ ರೋಗಿಯ ಮನೆಯ ಮುಂದೆ ಇಲಾಖೆಯ ಜೀಪು ನಿಲ್ಲುತ್ತದೆ, ಅಡಿಕೆ ಕೊನೆಕೊಯ್ಲಿಗೆ ಆ ಮನೆಗೆ ಆಳುಗಳು ಬರುವುದಿಲ್ಲ, ಮನೆಯವರು ಮತ್ತೆ ತಮ್ಮ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದಿಲ್ಲ. ಕಳುಹಿಸಿದ ರಕ್ತದ ಫಲಿತಾಂಶವೂ ತಮಗೆ ಮರಳಿ ಬರುವುದಿಲ್ಲ. ಹೀಗಿರುವಾಗ ಚಿಕಿತ್ಸೆ ವೈದ್ಯನ ಕೆಲಸ, ಲೆಕ್ಕ ಇಡುವುದು ಸರ್ಕಾರದ ಕೆಲಸ ಎಂದು ತಾವು ಪತ್ರ ಮುಗಿಸಿದ್ದೀರಿ.

ತಮ್ಮ ಕಷ್ಟಗಳೆಲ್ಲ ನಿಜವಾದವು. ಆದರೆ ಕೊನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ, ಮಂಗನ ಕಾಯಿಲೆಯ ಮಟ್ಟಿಗಂತೂ ಖಂಡಿತ ಒಪ್ಪಲಾರೆ. ಈ ಕಾಯಿಲೆಗೆ ನಿರ್ದಿಷ್ಟ ಔಷಧಿ ಇಲ್ಲವೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯೂ 2022ರಲ್ಲಿ ನಿಂತುಹೋಯಿತು. ಉಣುಗು ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 8 ದಿನ ಬೇಕು. ಎಂದರೆ ಇಂದು ತಮ್ಮೆದುರು ಬೆಂಚಿನ ಮೇಲೆ ನಡುಗುತ್ತ ಕುಳಿತಿರುವ ಹೆಂಗಸಿಗೆ ಉಣುಗು ಕಚ್ಚಿದ್ದು ಹೋದ ವಾರ, ಬಹುಶಃ ತರಗೆಲೆ ಗುಡಿಸಲು ಸೊಪ್ಪಿನಬೆಟ್ಟಕ್ಕೆ ಹೋಗಿದ್ದಾಗ. ಅವಳಿಗೆ ತಾವು ಕೊಡಬಹುದಾದದ್ದು ಜ್ವರದ ಮಾತ್ರೆ, ಡ್ರಿಪ್ಪು, ರಕ್ತಸ್ರಾವದ ಮೇಲೊಂದು ಕಣ್ಣು. ಆದರೆ ಅದೇ ಬೆಟ್ಟಕ್ಕೆ ಇಂದು ಬೆಳಿಗ್ಗೆಯೂ ನಾಲ್ಕು ಮನೆಯವರು ಬುಟ್ಟಿ ಹೊತ್ತು ಹೋಗಿದ್ದಾರೆ. ಆ ಜಾಗ ಯಾವುದೆಂದು ಆರೋಗ್ಯ ಕೇಂದ್ರಕ್ಕೆ ಇಂದೇ ಗೊತ್ತಾದರೆ ಅವರನ್ನು ತಡೆಯಬಹುದು, ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ತಲುಪಿಸಬಹುದು, ಅಲ್ಲಿ ಮಂಗ ಸತ್ತಿದೆಯೇ ಎಂದು ಹುಡುಕಬಹುದು. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ಕಳಚಿ ಸುತ್ತಲಿನ ನೆಲಕ್ಕೆ ಹರಡುತ್ತವೆ. ಆ ಜಾಗದಲ್ಲಿ ಬೇಗನೆ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಎರಚಿದರೆ ಉಪಯೋಗವುಂಟು, ಹದಿನೈದು ದಿನ ತಡವಾದರೆ ಕಷ್ಟ. ಲೆಕ್ಕವೆಂದು ತಾವು ಕರೆದದ್ದು ಈ ನಾಲ್ಕು ಮನೆಗಳಿಗೆ ಸಿಗಬಹುದಾದ ಏಕೈಕ ಚಿಕಿತ್ಸೆ. 2019ರ ಬೇಸಿಗೆಯಲ್ಲಿ ಈ ಕಾಯಿಲೆ ಸಾಗರ ತಾಲೂಕಿನ ಅರಳಗೋಡಿನ ಸುತ್ತ ಎಷ್ಟು ಮನೆಗಳನ್ನು ಕಂಗೆಡಿಸಿತೆಂಬುದನ್ನು ತಮ್ಮ ಸೀಮೆಯವರಿಗೆ ನೆನಪಿಸಬೇಕಾಗಿಲ್ಲ.

ಇನ್ನು, ದೃಢಪಡದ ಜ್ವರವನ್ನು ಹೇಗೆ ತಿಳಿಸುವುದೆಂಬ ಪ್ರಶ್ನೆ. 2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯಲ್ಲಿ ನಮೂನೆಗಳು ಮೂರಿರುವುದೇ ಈ ಕಾರಣಕ್ಕೆ. ಲಕ್ಷಣ ನೋಡಿ ಆರೋಗ್ಯ ಕಾರ್ಯಕರ್ತೆ ತುಂಬುವುದು ಎಸ್ ನಮೂನೆ, ರೋಗಿಯನ್ನು ಪರೀಕ್ಷಿಸಿ ಇಂಥ ರೋಗವಿರಬಹುದೆಂದು ವೈದ್ಯರು ತುಂಬುವುದು ಪಿ ನಮೂನೆ, ಪ್ರಯೋಗಾಲಯ ದೃಢಪಡಿಸಿ ತುಂಬುವುದು ಎಲ್ ನಮೂನೆ. ಈಗ ಇವೆಲ್ಲ ಕಂಪ್ಯೂಟರಿನಲ್ಲೇ ದಾಖಲಾಗುತ್ತವೆ. ತಮ್ಮಿಂದ ಕೇಳುತ್ತಿರುವುದು ನಡುವಿನದನ್ನು, ಅಂದರೆ ತಮ್ಮ ಅನುಮಾನವನ್ನು. ಆ ಅನುಮಾನ ಆಮೇಲೆ ಸುಳ್ಳಾದರೆ ತಮ್ಮ ಮೇಲೆ ತಪ್ಪು ಬರುವುದಿಲ್ಲ. ಹತ್ತು ಅನುಮಾನಗಳಲ್ಲಿ ಒಂಬತ್ತು ಸುಳ್ಳಾದರೂ ಸರ್ವೇಕ್ಷಣೆ ಸರಿಯಾಗಿಯೇ ನಡೆದಿದೆ ಎಂದರ್ಥ.

ವೈದ್ಯರೊಬ್ಬರ ಅನುಮಾನ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನೆರೆಯ ಕೇರಳದ ಉದಾಹರಣೆಯಿದೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಮಿದುಳುಜ್ವರದ ಲಕ್ಷಣಗಳಿದ್ದ ಯುವಕನೊಬ್ಬ ಬಂದಾಗ, ಅವನ ಒಡಹುಟ್ಟಿದವನು ಕೆಲವೇ ದಿನಗಳ ಹಿಂದೆ ಅಂಥದೇ ಜ್ವರದಿಂದ ತೀರಿಕೊಂಡಿದ್ದನ್ನು ಅಲ್ಲಿನ ವೈದ್ಯರು ಅಲಕ್ಷಿಸಲಿಲ್ಲ. ಮಾದರಿ ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಬಂತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ನಿಪಾ ಎಂದು ದೃಢಪಡಿಸಿತು. ಅಷ್ಟರಲ್ಲಿ ಸೋಂಕು ಆಸ್ಪತ್ರೆಗಳ ಒಳಗೇ ಹಲವರಿಗೆ ಹರಡಿಯಾಗಿತ್ತು. ಮೊದಲ ರೋಗಿಯನ್ನು ಪೇರಾಂಬ್ರದ ತಾಲೂಕು ಆಸ್ಪತ್ರೆಯಲ್ಲಿ ನೋಡಿಕೊಂಡಿದ್ದ ನರ್ಸ್ ಲಿನಿ ಮೇ 21ರಂದು ತೀರಿಕೊಂಡರು. ತಾನು ಯಾವ ರೋಗದ ಹತ್ತಿರ ನಿಂತಿದ್ದೇನೆಂದು ಶುಶ್ರೂಷೆ ಮಾಡುವಾಗ ಅವರಿಗೆ ತಿಳಿದಿರಲಿಲ್ಲ. ಎರಡನೆಯ ರೋಗಿಯಲ್ಲೇ ಅನುಮಾನ ಹುಟ್ಟದೆ ಹತ್ತನೆಯವನ ತನಕ ಕಾದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ನನಗೆ ಭಯವಾಗುತ್ತದೆ.

ಒಂದು ಸಣ್ಣ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕಳೆದ ವರ್ಷ ತಾಲೂಕು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಅರ್ಧ ದಿನ ಕುಳಿತಿದ್ದೆ. ಐಸ್ ಬಾಕ್ಸಿನಲ್ಲಿ ಬಂದ ರಕ್ತದ ಟ್ಯೂಬುಗಳನ್ನು ಟೆಕ್ನಿಷಿಯನ್ ಒಂದೊಂದಾಗಿ ತೆಗೆದು ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದರು. ಒಂದು ಟ್ಯೂಬಿಗೆ ರಬ್ಬರ್ ಬ್ಯಾಂಡಿನಿಂದ ಸುತ್ತಿದ್ದ ಚೀಟಿಯಲ್ಲಿ ಹೆಸರು, ವಯಸ್ಸು, ರಕ್ತ ತೆಗೆದ ತಾರೀಕು ಎಲ್ಲವೂ ಇತ್ತು. ಜ್ವರ ಶುರುವಾದ ದಿನ ಮಾತ್ರ ಇರಲಿಲ್ಲ. ಅವರು ಕೆಲಸ ನಿಲ್ಲಿಸಿ ಫೋನ್ ಹಿಡಿದರು. ಮೊದಲ ದಿನಗಳ ಜ್ವರವಾದರೆ ವೈರಾಣುವನ್ನೇ ಹುಡುಕುವ ಆರ್‌ಟಿ-ಪಿಸಿಆರ್, ದಿನಗಳು ಕಳೆದಿದ್ದರೆ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುವ ಐಜಿಎಂ ಪರೀಕ್ಷೆ. ಆ ಒಂದು ತಾರೀಕು ಇಲ್ಲದಿದ್ದರೆ ನೆಗೆಟಿವ್ ಎಂದು ಬಂದ ಫಲಿತಾಂಶಕ್ಕೂ ಅರ್ಥವಿರುವುದಿಲ್ಲ. ಆದ್ದರಿಂದ ನಮೂನೆಯ ಉಳಿದ ಕಲಂಗಳು ಅವಸರದಲ್ಲಿ ಬಿಟ್ಟುಹೋದರೂ ಜ್ವರ ಬಂದ ದಿನ, ಅದಕ್ಕೆ ಮುಂಚಿನ ಒಂದು ವಾರ ರೋಗಿ ಹೋಗಿದ್ದ ಕಾಡು ಅಥವಾ ತೋಟ, ಸುತ್ತಮುತ್ತ ಮಂಗ ಸತ್ತ ಸುದ್ದಿ, ಈ ಮೂರನ್ನು ದಯವಿಟ್ಟು ಬರೆದುಬಿಡಿ. ಪ್ಲೇಟ್‌ಲೆಟ್ಟೂ ಬಿಳಿ ರಕ್ತಕಣಗಳೂ ಇಳಿದದ್ದನ್ನು ನೋಡಿ ಡೆಂಗ್ಯೂ ಎಂದುಕೊಂಡ ಎಷ್ಟೋ ಜ್ವರಗಳ ಗುಟ್ಟು ಎರಡನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲಿರುತ್ತದೆ. ಜ್ವರ ಬಿಟ್ಟಿತೆಂದು ಮನೆಗೆ ಹೋದ ಕೆಲವರಲ್ಲಿ ಒಂದೆರಡು ವಾರಗಳ ಮೇಲೆ ತಲೆನೋವು, ಕತ್ತು ಸೆಟೆದುಕೊಳ್ಳುವುದು, ಕೈನಡುಕಗಳೊಂದಿಗೆ ಅದು ಮರಳುವುದರಿಂದ, ಹೆಸರು ದಾಖಲಾಗಿದ್ದರೆ ಆಶಾ ಕಾರ್ಯಕರ್ತೆ ಅವರ ಮನೆಗೆ ಮತ್ತೊಮ್ಮೆ ಹೋಗಿ ನೋಡಲೂ ಸಾಧ್ಯ.

ರೋಗಿಯ ಗುಟ್ಟು ಕಾಯುವ ವಿಚಾರದಲ್ಲಿ ತಮಗಿರುವ ಅಳುಕು ತಮ್ಮ ವೃತ್ತಿಗೆ ಗೌರವ ತರುವಂಥದ್ದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳು ರೋಗಿಯ ಗುಟ್ಟು ಹೊರಗೆಡಹಬಾರದೆಂದು ಹೇಳುತ್ತಲೇ, ಸಾಂಕ್ರಾಮಿಕ ರೋಗವಾದರೆ ಸಾರ್ವಜನಿಕ ಆರೋಗ್ಯಾಧಿಕಾರಿಗೆ ಕೂಡಲೇ ತಿಳಿಸಬೇಕೆಂದೂ ಹೇಳುತ್ತವೆ. ತಿಳಿಸಬೇಕಾದದ್ದು ಅಧಿಕಾರಿಗೆ ಮಾತ್ರ, ಊರಿನ ವಾಟ್ಸ್‌ಆ್ಯಪ್ ಗುಂಪಿಗಲ್ಲ. ಮನೆಯ ಮುಂದೆ ಜೀಪು ನಿಲ್ಲಿಸಿ ಇಡೀ ಕೇರಿಗೆ ಸಾರುವ ಪದ್ಧತಿಯನ್ನು ನಾನೂ ಒಪ್ಪುವುದಿಲ್ಲ. ಕೇರಿಯ ಎಲ್ಲ ಮನೆಗಳಿಗೂ ಹೋಗಿ ವಿಚಾರಿಸಿದರೆ ಒಂದು ಮನೆ ಮಾತ್ರ ಎದ್ದು ಕಾಣುವುದಿಲ್ಲ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ ಎಂಬ ಮಾತನ್ನು ಇಲಾಖೆಯ ಕರಪತ್ರ ಹತ್ತು ಸಲ ಹೇಳುವುದಕ್ಕಿಂತ ತಾವು ಒಂದು ಸಲ ಹೇಳಿದರೆ ಕೊನೆಕೊಯ್ಲಿನವರು ನಂಬುತ್ತಾರೆ.

ಕ್ಷಯದ ವಿಷಯದಲ್ಲಿ ಈ ಚರ್ಚೆಗೇ ಎಡೆಯಿಲ್ಲ. 2012ರಿಂದ ಪ್ರತಿ ಕ್ಷಯರೋಗಿಯ ವಿವರ ತಿಳಿಸುವುದು ಖಾಸಗಿ ವೈದ್ಯರಿಗೂ ಕಡ್ಡಾಯ. 2018ರ ಅಧಿಸೂಚನೆ ಔಷಧಿ ಅಂಗಡಿಗಳನ್ನೂ ಅದರೊಳಗೆ ತಂದಿತು. ರೋಗಿಗೆ ಸಲ್ಲುವ ಪೌಷ್ಟಿಕ ಆಹಾರದ ಹಣ ಈಗ ತಿಂಗಳಿಗೆ 1000 ರೂಪಾಯಿ, ಅದು ಅವನ ಖಾತೆಗೆ ಬರಬೇಕಾದರೆ ಕ್ಷಯರೋಗಿಗಳನ್ನು ದಾಖಲಿಸುವ ಸರ್ಕಾರಿ ಜಾಲತಾಣವಾದ ನಿಕ್ಷಯ್‌ನಲ್ಲಿ ಹೆಸರಿರಬೇಕು.

ತಮ್ಮ ಕ್ಲಿನಿಕ್ಕಿನ ಸಿಸ್ಟರ್ ಬಗ್ಗೆಯೂ ಒಂದು ಮಾತು. ರಕ್ತ ತೆಗೆದ ಸೂಜಿಗೆ ಮತ್ತೆ ಮುಚ್ಚಳ ಹಾಕುವ ಅಭ್ಯಾಸ ಇನ್ನೂ ಹಲವೆಡೆ ಉಳಿದಿದೆ, ಬೆರಳಿಗೆ ಚುಚ್ಚುವುದು ಆಗಲೇ. ಸೂಜಿಯನ್ನು ನೇರವಾಗಿ ಗಟ್ಟಿ ಡಬ್ಬಿಗೆ ಹಾಕಬೇಕು, ಗ್ಲೌಸ್ ಇಲ್ಲದೆ ರಕ್ತ ಮುಟ್ಟಬಾರದು, ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ಆಗಿದೆಯೇ ಎಂದು ತಾವೇ ಕೇಳಿ ನೋಡಬೇಕು. ಕೆಮ್ಮುವ ರೋಗಿಗೆ ಬಾಗಿಲಲ್ಲೇ ಮಾಸ್ಕ್ ಕೊಟ್ಟು ಕಿಟಕಿಯ ಪಕ್ಕ ಕೂರಿಸುವುದಕ್ಕೆ ಹೆಚ್ಚು ಖರ್ಚಿಲ್ಲ.

ಫಲಿತಾಂಶ ಮರಳಿ ಬರುವುದಿಲ್ಲವೆಂಬ ದೂರಿಗೆ ಮಾತ್ರ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ತಿಳಿಸಿದ ವೈದ್ಯರಿಗೆ ಒಂದು ಸಾಲಿನ ಸಂದೇಶವನ್ನಾದರೂ ಕಳುಹಿಸದ ವ್ಯವಸ್ಥೆ ಮುಂದಿನ ವರದಿಯನ್ನು ತಾನೇ ಕಳೆದುಕೊಳ್ಳುತ್ತದೆ. ಪತ್ರದ ಆ ಭಾಗವನ್ನು, ತಮ್ಮ ಹೆಸರನ್ನೂ ಊರನ್ನೂ ತೆಗೆದು, ಜಿಲ್ಲಾ ಸರ್ವೇಕ್ಷಣಾಧಿಕಾರಿಗಳಿಗೆ ಕಳುಹಿಸಬೇಕೆಂದಿದ್ದೇನೆ. ತಮ್ಮ ಒಪ್ಪಿಗೆಯಿದ್ದರೆ ಒಂದು ಕಾರ್ಡು ಬರೆದು ತಿಳಿಸಿ; ಡಿಸೆಂಬರಿನಲ್ಲಿ ಉಣುಗಿನ ಕಾಲ ಶುರುವಾಗುವುದರೊಳಗೆ ಅದು ಅವರ ಮೇಜಿನ ಮೇಲಿರಬೇಕು.

— ಸಂಪಾದಕ